ಮಾತು ಕೇಳಿದೊಡನೆ ಮನಸ್ಸು ಕೊಡುವ ತೀರ್ಪು: ನಮಗರಿವಿಲ್ಲದ ಪೂರ್ವಗ್ರಹಗಳ ಕುರಿತು ಒಂದು ಚರ್ಚೆ

ಟಿಳಕವಾಡಿಯ ಓದುಗ, ಬೆಳಗಾವಿ

ಬೆಳಗಾವಿಯಲ್ಲಿ ಇಬ್ಬರು ಅಪರಿಚಿತರು ಎದುರಾದಾಗ ಮೊದಲ ಎರಡು ಮಾತುಗಳಲ್ಲಿಯೇ ಬಹಳಷ್ಟು ನಿರ್ಧಾರವಾಗಿಬಿಡುತ್ತದೆ. ಖಡೇಬಜಾರಿನ ಅಂಗಡಿಗೆ ಬಂದ ಗಿರಾಕಿ ಮರಾಠಿಯಲ್ಲಿ ಕೇಳಿದನೋ ಕನ್ನಡದಲ್ಲಿ ಕೇಳಿದನೋ, ಕನ್ನಡವಾದರೆ ಅದು ಸವದತ್ತಿ ಕಡೆಯದೋ ಬೆಂಗಳೂರು ಕಡೆಯದೋ, ನಡುನಡುವೆ ಇಂಗ್ಲಿಷ್ ಎಷ್ಟು ಬಂತು ಎಂಬುದರ ಮೇಲೆ ಅವನ ಓದು, ಅಂತಸ್ತು, ಪ್ರಾಮಾಣಿಕತೆಗಳನ್ನೆಲ್ಲ ಮನಸ್ಸು ಅಳೆದು ಮುಗಿಸಿರುತ್ತದೆ. ಅದು ಸಾಲದಿದ್ದರೆ ‘ನಿಮ್ಮ ಅಡ್ಡಹೆಸರೇನು?’ ಎಂಬ ಪ್ರಶ್ನೆ ಇದ್ದೇ ಇದೆ. ಪಾಟೀಲ, ಕುಲಕರ್ಣಿ, ಬಡಿಗೇರ, ತಳವಾರ, ಮಾದರ ಎಂಬ ಉತ್ತರ ಬಂದ ಕೂಡಲೇ ಕೇಳಿದವರ ದನಿಯಲ್ಲಿ ಆಗುವ ಸಣ್ಣ ವ್ಯತ್ಯಾಸವನ್ನು, ಆ ವ್ಯತ್ಯಾಸವನ್ನು ಅನುಭವಿಸಿದವರು ಮಾತ್ರ ಗುರುತಿಸಬಲ್ಲರು.

ಬಹಿರಂಗವಾಗಿ ದ್ವೇಷ ಸಾಧಿಸುವವರ ವಿಷಯವನ್ನು ನಾನು ಇಲ್ಲಿ ಎತ್ತುತ್ತಿಲ್ಲ. ಅವರಿಗೆ ತಾವು ಮಾಡುತ್ತಿರುವುದು ಚೆನ್ನಾಗಿ ಗೊತ್ತಿರುತ್ತದೆ. ‘ನನಗೆ ಅಂಥ ಭೇದವೇ ಇಲ್ಲ’ ಎಂದು ಮನಃಪೂರ್ವಕವಾಗಿ ಹೇಳುವವರ, ಹಾಗೆ ಹೇಳುವಾಗ ಸುಳ್ಳಾಡದವರ ತೀರ್ಮಾನಗಳೂ ಒಂದೇ ದಿಕ್ಕಿಗೆ ವಾಲುವುದೇಕೆ ಎಂಬುದು ನನ್ನನ್ನು ಕಾಡುತ್ತಿರುವ ಪ್ರಶ್ನೆ.

ಕೆನಡಾದ ಮಾಂಟ್ರಿಯಲ್ ನಗರದಲ್ಲಿ ವಾಲೇಸ್ ಲ್ಯಾಂಬರ್ಟ್ ಮತ್ತು ಸಂಗಡಿಗರು ನಡೆಸಿ 1960ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ಓದಿದರೆ ನಮ್ಮ ಊರಿನ ನೆನಪಾಗದೆ ಇರದು. ಇಂಗ್ಲಿಷ್ ಮತ್ತು ಫ್ರೆಂಚ್ ಎರಡನ್ನೂ ಸಲೀಸಾಗಿ ಆಡುವ ಕೆಲವರಿಂದ ಒಂದೇ ಬರಹವನ್ನು ಎರಡೂ ಭಾಷೆಗಳಲ್ಲಿ ಓದಿಸಿ ಧ್ವನಿ ಮುದ್ರಿಸಿಕೊಂಡರು. ಕೇಳುಗರಿಗೆ ಆ ಗುಟ್ಟು ತಿಳಿಸದೆ, ಪ್ರತಿಯೊಂದು ಧ್ವನಿಯ ವ್ಯಕ್ತಿ ಎಷ್ಟು ಬುದ್ಧಿವಂತ, ಎಷ್ಟು ನಂಬಿಗಸ್ತ, ಎಷ್ಟು ಎತ್ತರ ಇರಬಹುದು ಎಂದು ಅಂದಾಜು ಮಾಡಲು ಹೇಳಿದರು. ಅದೇ ವ್ಯಕ್ತಿ ಇಂಗ್ಲಿಷಿನಲ್ಲಿ ಓದಿದಾಗ ಹೆಚ್ಚು ಬುದ್ಧಿವಂತನಾಗಿಯೂ ಎತ್ತರದವನಾಗಿಯೂ ಕಂಡ, ಫ್ರೆಂಚಿನಲ್ಲಿ ಓದಿದಾಗ ಕಿರಿದಾದ. ಇಂಗ್ಲಿಷ್ ಮಾತಿನ ವಿದ್ಯಾರ್ಥಿಗಳು ಹೀಗೆ ಅಳೆದದ್ದು ದೊಡ್ಡ ಸಂಗತಿಯಲ್ಲ. ಫ್ರೆಂಚ್ ಮನೆಮಾತಿನ ವಿದ್ಯಾರ್ಥಿಗಳೇ ಫ್ರೆಂಚ್ ಧ್ವನಿಯನ್ನು ಇನ್ನೂ ಕೆಳಗಿಳಿಸಿದ್ದು ನನ್ನನ್ನು ಹೆಚ್ಚು ಕಲಕಿತು. ತಮ್ಮ ತಾಯಿಯ ಭಾಷೆಯನ್ನು ತಾವೇ ಅಗ್ಗವಾಗಿ ಕೇಳಿಸಿಕೊಂಡದ್ದು ಅವರಿಗೆ ತಿಳಿದೇ ಇರಲಿಲ್ಲ. ನಮ್ಮ ಕಡೆಯ ಪಾಲಕರು ಮೈಸೂರು ಶೈಲಿಯಲ್ಲಿ ಮಾತನಾಡುವ ಶಿಕ್ಷಕರನ್ನು ‘ಭಾಳ ಓದಿಕೊಂಡವರು’ ಎಂದು ಮೆಚ್ಚುವುದೂ, ಕೆಲಸಕ್ಕೆಂದು ಬೆಂಗಳೂರಿಗೆ ಹೋದ ಹುಡುಗರು ‘ಏನ್ರೀ’ ಎನ್ನುವುದನ್ನು ನುಂಗಿಕೊಳ್ಳುವುದೂ ಇದೇ ಬೇರಿನಿಂದ ಬಂದವು ಎಂದು ನನಗನ್ನಿಸುತ್ತದೆ.

ಎರಡನೆಯ ಪ್ರಯೋಗ ರಿಚರ್ಡ್ ನಿಸ್ಬೆಟ್ ಮತ್ತು ತಿಮೋತಿ ವಿಲ್ಸನ್ ಅವರದು, 1977ರದು. ಪರದೇಶದ ಉಚ್ಚಾರಣೆಯಿದ್ದ ಒಬ್ಬ ಅಧ್ಯಾಪಕರ ಸಂದರ್ಶನವನ್ನು ಎರಡು ಬಗೆಯಾಗಿ ಚಿತ್ರೀಕರಿಸಿದರು. ಒಂದರಲ್ಲಿ ಅವರು ವಿದ್ಯಾರ್ಥಿಗಳ ಬಗ್ಗೆ ಆದರದಿಂದ ಮಾತನಾಡುತ್ತಾರೆ, ಇನ್ನೊಂದರಲ್ಲಿ ಬಿರುಸಾಗಿ. ಆದರದ ಚಿತ್ರವನ್ನು ನೋಡಿದವರಿಗೆ ಅವರ ರೂಪ, ಹಾವಭಾವ, ಉಚ್ಚಾರಣೆ ಎಲ್ಲವೂ ಹಿತವೆನಿಸಿದವು. ಬಿರುಸಿನ ಚಿತ್ರವನ್ನು ನೋಡಿದವರಲ್ಲಿ ಬಹುತೇಕರಿಗೆ ಅದೇ ಮುಖ, ಅದೇ ಉಚ್ಚಾರಣೆ ಕಿರಿಕಿರಿಯಾಯಿತು. ವಿಚಾರಿಸಿದಾಗ ಎರಡನೆಯ ಗುಂಪಿನವರು ವಿಷಯವನ್ನು ತಿರುಗಾಮುರುಗಾ ಮಾಡಿ, ಉಚ್ಚಾರಣೆ ಹಿಡಿಸದ್ದರಿಂದಲೇ ಆ ವ್ಯಕ್ತಿ ಹಿಡಿಸಲಿಲ್ಲ ಎಂಬಂತೆ ಉತ್ತರಿಸಿದರು.

ಇವೆರಡರಿಂದ ನನಗೆ ತಿಳಿದದ್ದಿಷ್ಟು: ಮನಸ್ಸು ಮೊದಲು ತೀರ್ಪು ಕೊಡುತ್ತದೆ, ಕಾರಣಗಳನ್ನು ಆಮೇಲೆ ಹುಡುಕುತ್ತದೆ, ಹುಡುಕಿದ ಕಾರಣವನ್ನು ನಾವು ಮೂಲ ಕಾರಣವೆಂದೇ ನಂಬುತ್ತೇವೆ. ಹಾಗಾದರೆ ‘ಆತ್ಮಾವಲೋಕನ ಮಾಡಿಕೊಳ್ಳಿ’ ಎಂಬ ಉಪದೇಶದಿಂದ ಎಷ್ಟು ಪ್ರಯೋಜನವಿದೆ? ಒಳಗೆ ನೋಡಿಕೊಂಡರೂ ಕಾಣಿಸುವುದು ಹುಡುಕಿಟ್ಟ ಕಾರಣವೇ ಅಲ್ಲವೇ? ನಿಮ್ಮ ನಿಮ್ಮ ವೃತ್ತಿಯಲ್ಲಿ ಇದನ್ನು ಎಲ್ಲಿ ಕಂಡಿದ್ದೀರಿ ಮತ್ತು ಅದಕ್ಕೆ ಏನು ಮಾಡಿದ್ದೀರಿ ಎಂದು ತಿಳಿಯುವ ಆಸೆ ನನ್ನದು.

ಇಂಡಿ ತಾಲ್ಲೂಕಿನ ಮುಖ್ಯಶಿಕ್ಷಕಿ, ವಿಜಯಪುರ ಜಿಲ್ಲೆ

ಸರ್, ಶಾಲೆಯಲ್ಲಿ ಇದು ದಿನವೂ ಇರುವ ವಿಷಯ. ಎಸ್ಸೆಸ್ಸೆಲ್ಸಿ ಅಂತಿಮ ಪರೀಕ್ಷೆಯ ಉತ್ತರಪತ್ರಿಕೆಯ ಮೌಲ್ಯಮಾಪಕರಿಗೆ ಮಗುವಿನ ಹೆಸರು ಕಾಣುವುದಿಲ್ಲ, ಆ ಮಟ್ಟಿಗೆ ರಕ್ಷಣೆ ಇದೆ. ಆದರೆ ಪ್ರಥಮ ಭಾಷೆಯ 125 ಅಂಕಗಳಲ್ಲಿ 25, ಉಳಿದ ವಿಷಯಗಳ ತಲಾ 100ರಲ್ಲಿ 20 ಆಂತರಿಕ ಮೌಲ್ಯಮಾಪನಕ್ಕೆ ಸೇರಿವೆ. ಅವನ್ನು ಕೊಡುವವರು ಮಗುವನ್ನೂ, ಅದರ ತಂದೆಯನ್ನೂ, ಅದರ ಓಣಿಯನ್ನೂ ಬಲ್ಲ ಶಿಕ್ಷಕರು.

ನಮ್ಮ ದೇಶದಲ್ಲೇ ಈ ಬಗ್ಗೆ ಒಂದು ಒಳ್ಳೆಯ ಪ್ರಯೋಗ ನಡೆದಿದೆ. ರೆಮಾ ಹನ್ನಾ ಮತ್ತು ಲೀ ಲಿಂಡನ್ ಮಕ್ಕಳಿಂದ ಪರೀಕ್ಷೆ ಬರೆಯಿಸಿ, ಉತ್ತರಪತ್ರಿಕೆಗಳ ಮುಖಪುಟದ ಮೇಲೆ ವಯಸ್ಸು, ಲಿಂಗ, ಜಾತಿಗಳನ್ನು ಚೀಟಿ ಎತ್ತಿದಂತೆ ಹಂಚಿ ಬರೆದು ಶಿಕ್ಷಕರಿಗೆ ತಿದ್ದಲು ಕೊಟ್ಟರು. ಉತ್ತರ ಅದೇ ಇದ್ದರೂ ‘ಕೆಳಜಾತಿ’ ಎಂದು ಬರೆದ ಪತ್ರಿಕೆಗೆ ತುಸು ಕಡಿಮೆ ಅಂಕ ಬಂತು. 2012ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ ವ್ಯತ್ಯಾಸ ದೊಡ್ಡದೇನಲ್ಲ ಎಂಬುದನ್ನು ಹೇಳಲೇಬೇಕು. ಆದರೆ ಆ ವ್ಯತ್ಯಾಸ ಬಂದದ್ದು ಮುಖ್ಯವಾಗಿ ಅದೇ ಸಮುದಾಯಗಳಿಂದ ಬಂದ ಶಿಕ್ಷಕರಿಂದ. ಇದನ್ನು ಓದಿದಾಗ ನಿಮ್ಮ ಮಾಂಟ್ರಿಯಲ್ ವಿದ್ಯಾರ್ಥಿಗಳ ಹಾಗೆಯೇ ಇದೂ ನನ್ನನ್ನು ನೋಯಿಸಿತು. ಆ ಶಿಕ್ಷಕರನ್ನು ದೂರಲು ನನಗೆ ಮನಸ್ಸಿಲ್ಲ. ಬಾಲ್ಯದಿಂದ ‘ನಿನ್ನಿಂದ ಆಗದು’ ಎಂದು ಕೇಳಿಸಿಕೊಂಡು ಬಂದವರ ಕಿವಿಯಲ್ಲಿ ಆ ಮಾತು ಅವರದೇ ಮಾತಾಗಿ ಉಳಿದಿದ್ದರೆ ಅದಕ್ಕೆ ಹೊಣೆಗಾರರು ಯಾರು?

ಅಳೆಸಿಕೊಳ್ಳುವ ಮಗುವಿನ ಮೇಲೂ ಪರಿಣಾಮವಿದೆ. ಕಾರ್ಲಾ ಹಾಫ್ ಮತ್ತು ಪ್ರಿಯಾಂಕಾ ಪಾಂಡೆ ಉತ್ತರ ಪ್ರದೇಶದ ಹಳ್ಳಿಗಳ ಹುಡುಗರಿಗೆ ದಾರಿ ಹುಡುಕುವ ಚಿತ್ರಬಂಧಗಳನ್ನು ಬಿಡಿಸಲು ಕೊಟ್ಟಾಗ, ಜಾತಿಯ ಪ್ರಸ್ತಾಪವಿಲ್ಲದಿದ್ದರೆ ಮೇಲ್ಜಾತಿ, ಕೆಳಜಾತಿ ಎರಡೂ ಕಡೆಯ ಹುಡುಗರು ಹೆಚ್ಚುಕಡಿಮೆ ಸಮನಾಗಿ ಬಿಡಿಸಿದರು. ಎಲ್ಲರ ಮುಂದೆ ಹೆಸರು, ಜಾತಿ ಕೂಗಿದ ಮೇಲೆ ಕೆಳಗಿನವರೆನಿಸಿಕೊಂಡ ಹುಡುಗರ ಸಾಧನೆ ಇಳಿಯಿತು. ವಿದ್ಯಾರ್ಥಿವೇತನದ ಪಟ್ಟಿಯನ್ನು ತರಗತಿಯಲ್ಲಿ ಗಟ್ಟಿಯಾಗಿ ಓದುವ ಪದ್ಧತಿಯನ್ನು ನಮ್ಮ ಶಾಲೆಯಲ್ಲಿ ನಾವು ಬಿಟ್ಟಿದ್ದೇವೆ. ಎಲ್ಲ ಶಾಲೆಗಳೂ ಇದನ್ನು ಬಿಡಬೇಕೆಂದು ಬಲವಾಗಿ ಹೇಳುತ್ತೇನೆ.

ನವನಗರದ ವಕೀಲ, ಬಾಗಲಕೋಟೆ

ಇಬ್ಬರ ಬರಹಗಳನ್ನೂ ಗೌರವದಿಂದ ಓದಿದೆ. ಆದರೂ ನನ್ನ ಆಕ್ಷೇಪವನ್ನು ಸ್ಪಷ್ಟವಾಗಿ ದಾಖಲಿಸುತ್ತೇನೆ.

ಮೊದಲನೆಯದಾಗಿ, ‘ಅರಿವಿಲ್ಲದ ಪೂರ್ವಗ್ರಹ’ ಎಂಬ ಮಾತು ಜನಪ್ರಿಯವಾದದ್ದು ಆಂಥನಿ ಗ್ರೀನ್‌ವಾಲ್ಡ್, ನಮ್ಮ ಸಿಕಂದರಾಬಾದಿನಲ್ಲಿ ಹುಟ್ಟಿದ ಮಹಜರೀನ್ ಬನಾಜಿ ಮೊದಲಾದವರ ಪರೀಕ್ಷೆಯಿಂದ. 1998ರಲ್ಲಿ ಪ್ರಕಟವಾದ ಆ ಪರೀಕ್ಷೆಯಲ್ಲಿ ಗಣಕದ ಪರದೆಯ ಮೇಲೆ ಬರುವ ಮುಖ, ಹೆಸರು, ಪದಗಳನ್ನು ಗುಂಡಿ ಒತ್ತಿ ವಿಂಗಡಿಸಬೇಕು. ಯಾವ ಜೋಡಿಯನ್ನು ವಿಂಗಡಿಸಲು ಕ್ಷಣಮಾತ್ರ ತಡವಾಗುತ್ತದೆ ಎಂಬುದರಿಂದ ಮನಸ್ಸಿನ ಒಲವನ್ನು ಅಳೆಯುತ್ತಾರೆ. ಅದೇ ವ್ಯಕ್ತಿ ಇನ್ನೊಂದು ದಿನ ಪರೀಕ್ಷೆಗೆ ಕುಳಿತರೆ ಅಂಕ ಗಣನೀಯವಾಗಿ ಬದಲಾಗಬಹುದು, ಆ ಅಂಕಕ್ಕೂ ನಿಜವಾದ ನಡವಳಿಕೆಗೂ ಇರುವ ಸಂಬಂಧ ದುರ್ಬಲ ಎಂಬ ಟೀಕೆಗಳು ಗಟ್ಟಿಯಾಗಿವೆ. ಒಬ್ಬ ವ್ಯಕ್ತಿಯನ್ನು ಪಕ್ಷಪಾತಿಯೆಂದು ತೀರ್ಮಾನಿಸಲು ಇದನ್ನು ಬಳಸಬಾರದೆಂದು ಅದನ್ನು ರೂಪಿಸಿದವರೇ ಹೇಳಿದ್ದಾರೆ.

ಎರಡನೆಯದು ನನಗೆ ಹೆಚ್ಚು ಮುಖ್ಯ. ನಮ್ಮ ಕಡೆ ಹೋಟೆಲಿನಲ್ಲಿ ಬೇರೆ ಲೋಟ ಇಡುವುದು, ಬಾಡಿಗೆ ಮನೆ ಕೇಳಲು ಹೋದವರಿಗೆ ಅಡ್ಡಹೆಸರು ಕೇಳಿದ ನಂತರ ‘ಮನೆ ಆಗಲೇ ಹೋಗಿದೆ’ ಎನ್ನುವುದು, ಇವು ಅರಿವಿಲ್ಲದೆ ನಡೆಯುವ ಕೃತ್ಯಗಳಲ್ಲ. ಸಂವಿಧಾನದ 17ನೆಯ ವಿಧಿಯೂ 1989ರ ದೌರ್ಜನ್ಯ ತಡೆ ಕಾಯ್ದೆಯೂ ಇರುವುದು ಇಂಥವಕ್ಕೆ. ‘ನನಗೆ ಗೊತ್ತಾಗದೆ ಆಯಿತು’ ಎಂಬ ಹೊಸ ನೆಪವನ್ನು ಮನಶ್ಶಾಸ್ತ್ರ ಒದಗಿಸಿಕೊಟ್ಟರೆ, ಅನ್ಯಾಯಕ್ಕೊಳಗಾದವನು ಅನ್ಯಾಯ ಮಾಡಿದವನ ಮನಸ್ಸಿನ ಆಳಕ್ಕೆ ಸಾಕ್ಷಿ ತರಬೇಕಾದ ಸ್ಥಿತಿ ಬರುತ್ತದೆ. ಈ ಅಪಾಯವನ್ನು ಲಘುವಾಗಿ ಕಾಣಬೇಡಿರೆಂದು ವಿನಂತಿ.

ಗೋಕಾಕದ ಆಪ್ತಸಮಾಲೋಚಕಿ

ವಕೀಲರ ಆಕ್ಷೇಪ ಸಾರ್ವಜನಿಕ ಬದುಕಿಗೆ ಸರಿ. ಆದರೆ ಮನೆಯೊಳಗೆ ಕಾಯ್ದೆ ಬರುವ ಮೊದಲೇ ಎಷ್ಟೋ ಸಂಬಂಧಗಳು ಕೆಟ್ಟಿರುತ್ತವೆ, ಮತ್ತು ಅಲ್ಲಿ ಯಾರೂ ಬೇಕೆಂದು ಕೆಡಿಸಿರುವುದಿಲ್ಲ. ಆದ್ದರಿಂದ ಚರ್ಚೆಯನ್ನು ಸ್ವಲ್ಪ ಮನೆಯ ಕಡೆಗೆ ತರುತ್ತೇನೆ.

ಜೋನ್ ಮಿಲ್ಲರ್ ಎಂಬ ಸಂಶೋಧಕಿ ಮೈಸೂರಿನ ಹಿಂದೂಗಳನ್ನೂ ಅಮೆರಿಕದವರನ್ನೂ ಹೋಲಿಸಿ 1984ರಲ್ಲಿ ಒಂದು ಅಧ್ಯಯನವನ್ನು ಪ್ರಕಟಿಸಿದರು. ಪರಿಚಿತರೊಬ್ಬರ ಒಳ್ಳೆಯ ಅಥವಾ ಕೆಟ್ಟ ನಡವಳಿಕೆಗೆ ಕಾರಣವೇನೆಂದು ಕೇಳಿದರೆ ಅಮೆರಿಕದ ವಯಸ್ಕರು ಹೆಚ್ಚಾಗಿ ಸ್ವಭಾವವನ್ನು ಹೆಸರಿಸಿದರು. ಮೈಸೂರಿನ ವಯಸ್ಕರು ಸನ್ನಿವೇಶ, ಸಂಬಂಧ, ಜವಾಬ್ದಾರಿಗಳನ್ನು ಹೆಸರಿಸಿದರು. ಎಂಟು ವರ್ಷದ ಮಕ್ಕಳಲ್ಲಿ ಈ ವ್ಯತ್ಯಾಸ ಅಷ್ಟಾಗಿ ಇರಲಿಲ್ಲ, ಬೆಳೆದಂತೆ ಹೆಚ್ಚಾಯಿತು. ಅಂದರೆ ಸನ್ನಿವೇಶವನ್ನು ಗಮನಿಸುವುದನ್ನು ನಮ್ಮ ಹಿರಿಯರಿಂದ ನಾವು ಕಲಿಯುತ್ತೇವೆ. ಇದು ಹೆಮ್ಮೆಪಡುವಂಥದ್ದೇ. ಆದರೆ ಈ ಔದಾರ್ಯವನ್ನು ನಾವು ಎಲ್ಲರಿಗೂ ಸಮನಾಗಿ ಹಂಚುವುದಿಲ್ಲ ಎಂಬುದನ್ನು ಸಮಾಲೋಚನೆಯ ಕೋಣೆಯಲ್ಲಿ ಮತ್ತೆ ಮತ್ತೆ ಕಾಣುತ್ತೇನೆ. ತವರಿಗೆ ಬಂದ ಮಗಳು ತಡವಾಗಿ ಎದ್ದರೆ ‘ಅಲ್ಲಿ ದುಡದು ದಣದಾಳ, ಮಲಗಲಿ’ ಎನ್ನುವ ತಾಯಿ, ಸೊಸೆ ತಡವಾಗಿ ಎದ್ದರೆ ‘ಆಕಿ ಸ್ವಭಾವನ ಹಂಗ’ ಎನ್ನುತ್ತಾಳೆ. ಮಗಳಿಗೆ ಸನ್ನಿವೇಶ, ಸೊಸೆಗೆ ಸ್ವಭಾವ. ಸೊಸೆಯೂ ತನ್ನ ತಾಯಿಯ ಸಿಡುಕಿಗೆ ರಕ್ತದೊತ್ತಡವನ್ನು ಕಾರಣವಾಗಿ ಹೇಳಿ, ಅತ್ತೆಯ ಸಿಡುಕಿಗೆ ಅತ್ತೆಯ ಮನಸ್ಸನ್ನೇ ದೂರುತ್ತಾಳೆ. ಇಬ್ಬರೂ ಸುಳ್ಳಾಡುತ್ತಿಲ್ಲ. ಇಬ್ಬರಿಗೂ ತಾವು ಕಂಡದ್ದನ್ನು ಹೇಳುತ್ತಿದ್ದೇವೆ ಎಂಬ ಪೂರ್ಣ ನಂಬಿಕೆ ಇರುತ್ತದೆ.

ಇನ್ನೊಂದು ಬಗೆಯೂ ಇದೆ. ಹೊಸಬರಲ್ಲಿ ಹಳೆಯವರನ್ನು ಕಾಣುವುದು. ಸೂಸನ್ ಆಂಡರ್ಸನ್ ಮತ್ತು ಸಂಗಡಿಗರು 1990ರ ದಶಕದಲ್ಲಿ ಇದನ್ನು ಪ್ರಯೋಗಕ್ಕೆ ಒಡ್ಡಿದರು. ಒಬ್ಬ ಹೊಸ ವ್ಯಕ್ತಿಯ ವಿವರಗಳಲ್ಲಿ ಓದುಗನ ತಂದೆಯನ್ನೋ ಅಕ್ಕನನ್ನೋ ಹೋಲುವ ಕೆಲವು ಗುಣಗಳನ್ನು ಸೇರಿಸಿಟ್ಟರೆ, ಆಮೇಲೆ ಆ ಓದುಗ ತನಗೆ ಹೇಳಿಯೇ ಇರದ ಗುಣಗಳನ್ನೂ ಆ ಹೊಸ ವ್ಯಕ್ತಿಗೆ ಸೇರಿದವೆಂದು ‘ನೆನಪಿಸಿಕೊಳ್ಳುತ್ತಾನೆ’. ಹಳೆಯ ಸಂಬಂಧದ ಪ್ರೀತಿಯೋ ಮುನಿಸೋ ಹೊಸಬರ ಮೇಲೆ ಬೀಳುತ್ತದೆ. ದರ್ಪದ ಅಣ್ಣನ ಕೈಕೆಳಗೆ ಬೆಳೆದವನಿಗೆ ಕಚೇರಿಯ ಮೇಲಧಿಕಾರಿಯ ಸಾಧಾರಣ ಪ್ರಶ್ನೆಯೂ ಅವಮಾನವಾಗಿ ಕೇಳಿಸಬಹುದು. ‘ಅವರು ಹಾಗೆ ಅಂದದ್ದು ನಿಮ್ಮನ್ನು ಹೀಯಾಳಿಸಲೆಂದು ಹೇಗೆ ಗೊತ್ತಾಯಿತು?’ ಎಂದು ನಾನು ಕೇಳಿದಾಗ ಬಹಳ ಜನ ಉತ್ತರಕ್ಕಾಗಿ ತಡಕಾಡುತ್ತಾರೆ, ಮತ್ತು ಆ ತಡಕಾಟದ ಹೊತ್ತಿನಲ್ಲಿಯೇ ಏನಾದರೂ ಬದಲಾಗುವುದಿದ್ದರೆ ಬದಲಾಗುತ್ತದೆ.

ಒಳಗೆ ನೋಡಿಕೊಳ್ಳುವುದರಿಂದ ಪ್ರಯೋಜನವಿಲ್ಲ ಎಂಬ ಮಾತನ್ನು ಆದ್ದರಿಂದ ನಾನು ಅರ್ಧ ಮಾತ್ರ ಒಪ್ಪುತ್ತೇನೆ. ಒಬ್ಬರೇ ಕುಳಿತು ನೋಡಿಕೊಂಡರೆ ಕಾಣದು. ಎದುರಿನವರನ್ನು ಕೇಳಿದರೆ ಕಾಣುತ್ತದೆ.

ಮುದ್ದೇಬಿಹಾಳ ಕಡೆಯ ಪಂಚಾಯಿತಿ ಸದಸ್ಯೆ

ನಾನು ಹೆಚ್ಚು ಓದಿದವಳಲ್ಲ, ಆದರೆ ಒಂದು ವಿಷಯ ಸೇರಿಸುತ್ತೇನೆ. ನಮ್ಮ ರಾಜ್ಯದ ಪಂಚಾಯಿತಿಗಳಲ್ಲಿ ಮಹಿಳೆಯರಿಗೆ ಶೇಕಡಾ 50 ಮೀಸಲಾತಿ ಇದ್ದರೂ, ಸಭೆಯಲ್ಲಿ ಹೆಣ್ಣುಮಗಳು ಹೇಳಿದ ಸಲಹೆಯನ್ನು ಅರ್ಧ ಗಂಟೆಯ ನಂತರ ಗಂಡಸು ಹೇಳಿದಾಗ ‘ಚಲೋ ವಿಚಾರ’ ಎನ್ನುವುದು ನಡೆದೇ ಇದೆ. ಹಾಗೆ ಅಂದವರನ್ನು ಕೇಳಿದರೆ ‘ಅಕ್ಕಾವರು ಹೇಳಿದ್ದು ಕೇಳಿಸಲೇ ಇಲ್ಲ’ ಎನ್ನುತ್ತಾರೆ, ಮತ್ತು ಅದು ನಿಜವೇ ಇರಬಹುದು.

ತರಬೇತಿಯೊಂದರಲ್ಲಿ ನಮಗೆ ಪಶ್ಚಿಮ ಬಂಗಾಳದ ಅಧ್ಯಯನವೊಂದನ್ನು ವಿವರಿಸಿದರು. 2009ರಲ್ಲಿ ಪ್ರಕಟವಾದದ್ದು, ಎಸ್ತರ್ ಡುಫ್ಲೊ ಅವರೂ ಅದರಲ್ಲಿದ್ದರು. ಪಂಚಾಯಿತಿ ಮುಖ್ಯಸ್ಥರ ಒಂದೇ ಭಾಷಣವನ್ನು ಕೆಲವರಿಗೆ ಗಂಡಿನ ದನಿಯಲ್ಲಿ, ಕೆಲವರಿಗೆ ಹೆಣ್ಣಿನ ದನಿಯಲ್ಲಿ ಕೇಳಿಸಿದರು. ಎಂದೂ ಮಹಿಳಾ ಮೀಸಲಾತಿ ಬಾರದ ಊರುಗಳ ಗಂಡಸರು ಹೆಣ್ಣಿನ ದನಿಗೆ ಕಡಿಮೆ ಅಂಕ ಕೊಟ್ಟರು. ಮೀಸಲಾತಿಯಿಂದ ಮಹಿಳಾ ಮುಖ್ಯಸ್ಥೆಯನ್ನು ಕಂಡಿದ್ದ ಊರುಗಳಲ್ಲಿ ಆ ಅಂತರ ಅಳಿಸಿಹೋಗಿತ್ತು. ಆದರೆ ಮುಖ್ಯಸ್ಥರು ಗಂಡಸರೇ ಇರಲಿ ಎಂಬ ಒಲವು ಅಲ್ಲಿಯೂ ಹೋಗಿರಲಿಲ್ಲವಂತೆ. ಇಷ್ಟಪಡದಿದ್ದರೂ ಚಿಂತೆಯಿಲ್ಲ, ಕೆಲಸವನ್ನು ಸರಿಯಾಗಿ ಅಳೆದರೆ ಸಾಕೆಂದು ನಾನು ಅಂದುಕೊಂಡೆ.

ಟಿಳಕವಾಡಿಯ ಓದುಗ, ಬೆಳಗಾವಿ

ಎಲ್ಲರಿಗೂ ಕೃತಜ್ಞತೆಗಳು. ಸದಸ್ಯೆಯವರ ಕೊನೆಯ ಮಾತನ್ನು ನಾನು ಬಹಳ ಹೊತ್ತು ಯೋಚಿಸಿದೆ. ಒಲವು ಹಾಗೆಯೇ ಉಳಿದರೂ ಅಳತೆ ನೇರವಾಗಬಹುದು ಎಂಬುದು, ಮನಸ್ಸನ್ನು ಪೂರ್ತಿ ಶುದ್ಧಮಾಡಿಕೊಂಡ ಮೇಲೆಯೇ ನ್ಯಾಯ ಸಾಧ್ಯ ಎಂಬ ನಮ್ಮ ಎಣಿಕೆಗಿಂತ ಹೆಚ್ಚು ಭರವಸೆ ಕೊಡುತ್ತದೆ.

ವಕೀಲರೇ, ಗುಂಡಿ ಒತ್ತುವ ಪರೀಕ್ಷೆಯ ಬಗ್ಗೆ ನಿಮ್ಮ ಟೀಕೆಯನ್ನು ಪೂರ್ತಿ ಒಪ್ಪುತ್ತೇನೆ. ಅದನ್ನು ಬದಿಗಿಟ್ಟರೂ ನನ್ನ ವಾದ ನಿಲ್ಲುತ್ತದೆ, ಏಕೆಂದರೆ ಮನಸ್ಸನ್ನು ಅಳೆಯದೆ ಫಲಿತಾಂಶವನ್ನೇ ಅಳೆಯಬಹುದು. ಸುಖದೇವ ಥೋರಟ್ ಮತ್ತು ಪಾಲ್ ಅಟೆವೆಲ್ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಖಾಸಗಿ ಕಂಪನಿಗಳ ಜಾಹೀರಾತುಗಳಿಗೆ ಒಂದೇ ಅರ್ಹತೆಯ ಅರ್ಜಿಗಳನ್ನು ಬೇರೆ ಬೇರೆ ಹೆಸರುಗಳಲ್ಲಿ ಕಳುಹಿಸಿದರು. ಮುಂದಿನ ಸುತ್ತಿಗೆ ಕರೆ ಬರುವ ಸಂಭವನೀಯತೆಯ ಅನುಪಾತ, ಮೇಲ್ಜಾತಿಯ ಹಿಂದೂ ಹೆಸರಿಗೆ 1 ಎಂದಿಟ್ಟುಕೊಂಡರೆ, ದಲಿತ ಹೆಸರಿಗೆ 0.67, ಮುಸ್ಲಿಂ ಹೆಸರಿಗೆ 0.33 ಇತ್ತು. ಆರಿಸಿದವರಲ್ಲಿ ಎಷ್ಟು ಜನ ಬೇಕೆಂದು ಮಾಡಿದರು, ಎಷ್ಟು ಜನ ಅರಿಯದೆ ಮಾಡಿದರು ಎಂಬುದು ಅನ್ಯಾಯಕ್ಕೊಳಗಾದ ಅಭ್ಯರ್ಥಿಗೆ ಮುಖ್ಯವಲ್ಲ, ಮತ್ತು ಹೊಣೆಗಾರಿಕೆಯನ್ನು ನಿಗದಿ ಮಾಡುವಾಗಲೂ ಅದು ಮುಖ್ಯವಾಗಬಾರದು. ಅರಿವಿಲ್ಲದಿರುವುದು ನೆಪವಾಗಬಾರದು ಎಂಬುದರಲ್ಲಿ ನಾವಿಬ್ಬರೂ ಒಂದೇ ಕಡೆ ಇದ್ದೇವೆ. ನಾನು ಒಂದು ಹೆಜ್ಜೆ ಮುಂದೆ ಹೋಗಿ, ಅರಿವಿಲ್ಲದೆ ವಾಲುವುದು ಮನುಷ್ಯಸಹಜವೆಂದು ಗೊತ್ತಾದ ಮೇಲೆ ಅದನ್ನು ತಡೆಯುವ ವ್ಯವಸ್ಥೆ ಮಾಡದಿರುವುದನ್ನೇ ತಪ್ಪೆಂದು ಎಣಿಸಬೇಕು ಎನ್ನುತ್ತೇನೆ.

ಒಂದು ದಿನದ ಕಾರ್ಯಾಗಾರದಿಂದ ಇದು ಸರಿಹೋಗುತ್ತದೆ ಎಂಬ ನಂಬಿಕೆ ನನಗಿಲ್ಲ. ಕ್ಯಾಲ್ವಿನ್ ಲೈ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತಕ್ಷಣ ಫಲ ಕೊಟ್ಟಂತೆ ಕಂಡ ಉಪಾಯಗಳ ಪ್ರಭಾವವೆಲ್ಲ ಕೆಲವು ಗಂಟೆಗಳಿಂದ ಕೆಲವು ದಿನಗಳೊಳಗೆ ಇಳಿದುಹೋಯಿತು. ಇನ್ನೊಂದೆಡೆ, ಎಮಿಲಿ ಪ್ರೊನಿನ್ ಅವರ ತಂಡ 2002ರಲ್ಲಿ ತೋರಿಸಿದಂತೆ, ಪೂರ್ವಗ್ರಹಗಳ ವಿವರಣೆಯನ್ನು ಓದಿದ ಮೇಲೂ ಜನರು ‘ಇವು ಇತರರಲ್ಲಿ ಹೆಚ್ಚು, ನನ್ನಲ್ಲಿ ಕಡಿಮೆ’ ಎಂದೇ ಹೇಳುತ್ತಾರೆ.

ಆದ್ದರಿಂದ ಆಯ್ಕೆಯ ಕ್ರಮವನ್ನೇ ಬದಲಿಸಬೇಕು. ನೇಮಕಾತಿಯ ಸಂದರ್ಶನ ಸಮಿತಿಗಳಲ್ಲಿ ಈಗ ನಡೆಯುವುದೇನು? ಅಭ್ಯರ್ಥಿ ಹೊರಗೆ ಹೋದ ಕೂಡಲೇ ಹಿರಿಯರೊಬ್ಬರು ‘ಹುಡುಗ ಚಲೋ ಇದ್ದಾನ’ ಎನ್ನುತ್ತಾರೆ, ಉಳಿದವರ ಅಂಕಗಳು ಆ ಮಾತಿನ ಸುತ್ತ ಕೂಡುತ್ತವೆ. ಪ್ರಶ್ನೆಗಳನ್ನು ಮೊದಲೇ ಬರೆದು, ಎಲ್ಲರಿಗೂ ಅದೇ ಪ್ರಶ್ನೆಗಳನ್ನು ಕೇಳಿ, ಪ್ರತಿ ಉತ್ತರಕ್ಕೂ ಅಲ್ಲಿಯೇ ಅಂಕ ಬರೆದು, ಪರಸ್ಪರ ಮಾತನಾಡುವ ಮೊದಲೇ ಸಹಿ ಹಾಕಿ ಲಕೋಟೆಯಲ್ಲಿ ಇಟ್ಟರೆ ತೀರ್ಪು ಕಾರಣದ ಹಿಂದೆ ಬರುತ್ತದೆ. ಲಿಖಿತ ಪರೀಕ್ಷೆಯಿದ್ದರೆ ಹೆಸರು, ಊರು, ಅಡ್ಡಹೆಸರುಗಳು ಕೊನೆಯವರೆಗೂ ಕಾಣಬಾರದು. ಇದಕ್ಕೆ ಹಣವೂ ಬೇಡ, ಮಹಾತ್ಮರೂ ಬೇಡ.

ಒಟ್ಟಿಗೆ ಬಾಳುವುದರಿಂದ ಪೂರ್ವಗ್ರಹ ಕರಗುತ್ತದೆ ಎಂಬ ಮಾತಿಗೂ ಒಂದು ಷರತ್ತು ಇದೆ. ಮ್ಯಾಟ್ ಲೋ ಎಂಬ ಅರ್ಥಶಾಸ್ತ್ರಜ್ಞರು ಉತ್ತರ ಪ್ರದೇಶದಲ್ಲಿ ಕ್ರಿಕೆಟ್ ಪಂದ್ಯಾವಳಿಗಳನ್ನು ಏರ್ಪಡಿಸಿ, ಬೇರೆ ಬೇರೆ ಜಾತಿಗಳ ಯುವಕರನ್ನು ಕೆಲವೆಡೆ ಒಂದೇ ತಂಡದಲ್ಲಿ, ಕೆಲವೆಡೆ ಎದುರಾಳಿಗಳಾಗಿ ಆಡಿಸಿದರು. 2021ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಒಂದೇ ತಂಡದಲ್ಲಿ ಆಡಿದವರಲ್ಲಿ ಜಾತಿ ಮೀರಿದ ಗೆಳೆತನ ಹೆಚ್ಚಿತು, ಎದುರಾಳಿಗಳಾಗಿ ಆಡಿದವರಲ್ಲಿ ಬದಲಿಗೆ ಕಡಿಮೆಯಾಯಿತು. ರಾಜ್ಯಗಳ ಪುನರ್ವಿಂಗಡಣೆಯಾದ 1956ರಿಂದ ಈಚೆಗೆ ನಮ್ಮ ಊರಿನಲ್ಲಿ ಕನ್ನಡಿಗರೂ ಮರಾಠಿಗರೂ ಸಾರ್ವಜನಿಕವಾಗಿ ಹೆಚ್ಚಾಗಿ ಎದುರಾಳಿಗಳಾಗಿಯೇ ಭೇಟಿಯಾಗಿದ್ದಾರೆ. ಗದ್ದಲದ ದಿನಗಳಲ್ಲಿ ಒಂದೇ ಗಲ್ಲಿಯವರು ಪರಸ್ಪರ ಮುಖ ತಪ್ಪಿಸಿದರೂ, ಒಂದೇ ಫೌಂಡ್ರಿಯಲ್ಲಿ ಪಾಳಿ ಮಾಡುವವರು ಊಟದ ಡಬ್ಬಿ ಹಂಚಿಕೊಳ್ಳುವುದನ್ನು ನಿಲ್ಲಿಸುವುದಿಲ್ಲ. ಈ ವ್ಯತ್ಯಾಸವನ್ನು ನಾವು ಇನ್ನೂ ಗಂಭೀರವಾಗಿ ಗಮನಿಸಿಲ್ಲ.

ನವನಗರದ ವಕೀಲ, ಬಾಗಲಕೋಟೆ

ವ್ಯವಸ್ಥೆ ಮಾಡದಿರುವುದೇ ತಪ್ಪು ಎಂಬ ನಿಲುವನ್ನು ನಾನು ಸ್ವಾಗತಿಸುತ್ತೇನೆ. ಅದು ನ್ಯಾಯಾಲಯದಲ್ಲಿಯೂ ಮಂಡಿಸಬಹುದಾದ ವಾದ. ಕ್ರಿಕೆಟ್ಟಿನ ವಿಷಯಕ್ಕೆ ನಮ್ಮ ಊರಿನ ಅನುಭವವನ್ನೂ ಸೇರಿಸುತ್ತೇನೆ. ಆಲಮಟ್ಟಿ ಹಿನ್ನೀರಿನಿಂದ ಹಳೆಯ ಬಾಗಲಕೋಟೆಯ ಓಣಿಗಳು ಚದುರಿ ಜನರು ನವನಗರದ ಸೆಕ್ಟರುಗಳಿಗೆ ಬಂದಾಗ, ಹಿಂದೆ ನೆರೆಯಾಗಿರದವರು ನೆರೆಯವರಾದರು. ಪಕ್ಕದ ಮನೆಯಾದ ಮಾತ್ರಕ್ಕೆ ಬಳಕೆ ಬೆಳೆಯಲಿಲ್ಲ. ಪರಿಹಾರಕ್ಕಾಗಿ, ಹಕ್ಕುಪತ್ರಕ್ಕಾಗಿ ಒಟ್ಟಿಗೆ ಅರ್ಜಿ ಹಿಡಿದು ಕಚೇರಿಗಳಿಗೆ ಅಲೆದವರ ನಡುವೆ ಬೆಳೆದದ್ದನ್ನು ನಾನು ಕಂಡಿದ್ದೇನೆ. ನನ್ನ ಆಕ್ಷೇಪದ ಎರಡನೆಯ ಭಾಗವನ್ನು ಮಾತ್ರ ಹಿಂತೆಗೆದುಕೊಳ್ಳುವುದಿಲ್ಲ: ಬೇರೆ ಲೋಟಕ್ಕೆ ಮನಶ್ಶಾಸ್ತ್ರ ಬೇಕಿಲ್ಲ.

ಇಂಡಿ ತಾಲ್ಲೂಕಿನ ಮುಖ್ಯಶಿಕ್ಷಕಿ, ವಿಜಯಪುರ ಜಿಲ್ಲೆ

ಲಕೋಟೆಯ ಕ್ರಮವನ್ನು ಆಂತರಿಕ ಅಂಕಗಳಿಗೂ ತರಬಹುದೇ ಎಂದು ಸಹೋದ್ಯೋಗಿಗಳೊಂದಿಗೆ ಮಾತನಾಡಿದೆ. ಲಿಖಿತ ಚಟುವಟಿಕೆಗಳಿಗೆ ಹೆಸರಿನ ಹಾಳೆಯನ್ನು ತೆಗೆದು ಸಂಖ್ಯೆ ಹಾಕಬಹುದು, ಆದರೆ ನಮ್ಮ ಶಿಕ್ಷಕರಿಗೆ ಪ್ರತಿ ಮಗುವಿನ ಕೈಬರಹವೂ ಗುರುತಿದೆ. ಅದಕ್ಕಾಗಿ ಪಕ್ಕದ ಊರಿನ ಶಾಲೆಯೊಂದಿಗೆ ಕಟ್ಟುಗಳನ್ನು ಅದಲುಬದಲು ಮಾಡಿಕೊಳ್ಳಲು ಮಾತುಕತೆ ನಡೆದಿದೆ. ಅಂಕದ ಮಾನದಂಡವನ್ನು ಚಟುವಟಿಕೆ ಕೊಡುವ ದಿನವೇ ಕಪ್ಪುಹಲಗೆಯ ಮೇಲೆ ಬರೆಯುವುದೆಂದೂ ಒಪ್ಪಿದ್ದೇವೆ. ಭಾಷಣ, ಕವಿತಾ ವಾಚನದಂಥ ಮೌಖಿಕ ಚಟುವಟಿಕೆಗಳಲ್ಲಿ ಮಾತ್ರ ತೊಡಕಿದೆ. ಮಗು ಎದುರಿಗೇ ನಿಂತಿರುತ್ತದೆ. ವಿಷಯ, ಕ್ರಮ, ಸ್ಪಷ್ಟತೆ ಎಂಬ ಮೂರಕ್ಕೆ ಮಾತ್ರ ಅಂಕವಿಟ್ಟು, ಊರಿನ ಶೈಲಿಯಲ್ಲಿ ಮಾತನಾಡಿದರೆ ಅಂಕ ಕಡಿಯಬಾರದೆಂದು ಬರೆದಿಟ್ಟಿದ್ದೇವೆ. ‘ಸ್ಪಷ್ಟತೆ’ ಎಂಬುದರೊಳಗೇ ಶೈಲಿ ನುಸುಳಿ ಬರಬಹುದೆಂಬ ಅನುಮಾನ ನನಗಿದೆ. ಇದನ್ನು ಬೇರೆ ಶಾಲೆಗಳಲ್ಲಿ ಯಾರಾದರೂ ಬಗೆಹರಿಸಿಕೊಂಡಿದ್ದರೆ ದಯವಿಟ್ಟು ವಿವರವಾಗಿ ಬರೆಯಿರಿ, ಮುಂದಿನ ತಿಂಗಳ ಚಟುವಟಿಕೆಗೆ ಮೊದಲು ನಮಗೆ ಬೇಕಾಗಿದೆ.